ಶಾಸಕರ ಕಚೇರಿಗೆ ಹೋಗುವ ಮುಂಚೆ: ರಾಯಚೂರು, ಕೊಪ್ಪಳ, ಬಳ್ಳಾರಿ ಮತದಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಶಾಸಕರ ಮನೆ ಮುಂದೆ ಬೆಳಗಾಗುವ ಹೊತ್ತಿಗೇ ಜನ ನಿಂತಿರುತ್ತಾರೆ. ಅವರಲ್ಲಿ ಎಷ್ಟೋ ಮಂದಿಯ ಕೆಲಸ ನಾಡಕಚೇರಿಯಲ್ಲಿ ಆಗುವಂಥದ್ದು, ಇನ್ನು ಕೆಲವರದು ದಿಲ್ಲಿಯಲ್ಲಿ ಆಗಬೇಕಾದದ್ದು. ನಿಜವಾಗಿ ಶಾಸಕರಿಂದಲೇ ಆಗಬೇಕಾದ ಕೆಲಸ ಇರುವವರು ಕೈಯಲ್ಲಿ ಸರಿಯಾದ ಕಾಗದ ಇಲ್ಲದೆ ಬಂದಿರುತ್ತಾರೆ. ಬಸ್ ಚಾರ್ಜು, ಒಂದು ದಿನದ ಕೂಲಿ ಎರಡೂ ಹೋಗುತ್ತವೆ. ಯಾವ ಕೆಲಸಕ್ಕೆ ಯಾರ ಬಾಗಿಲು, ಯಾವ ಕಾಗದ ಎಂಬುದನ್ನು ಇಲ್ಲಿ ಬಿಡಿಸಿ ಹೇಳಿದ್ದೇವೆ.

ನಮ್ಮ ಶಾಸಕರು ಯಾರು ಎಂಬುದು ಖಚಿತವಾಗಿ ಗೊತ್ತಾಗುವುದು ಹೇಗೆ? ತಾಲ್ಲೂಕು ನೋಡಿದರೆ ಸಾಕಲ್ಲವೇ?

ಸಾಲದು. ತಾಲ್ಲೂಕಿನ ಗಡಿ ಬೇರೆ, ವಿಧಾನಸಭಾ ಕ್ಷೇತ್ರದ ಗಡಿ ಬೇರೆ. ಈಗಿರುವ ಕ್ಷೇತ್ರಗಳು 2008ರ ಪುನರ್ವಿಂಗಡಣೆಯವು. ಮಸ್ಕಿ, ಕಂಪ್ಲಿ, ರಾಯಚೂರು ಗ್ರಾಮೀಣ ಕ್ಷೇತ್ರಗಳು ಹುಟ್ಟಿದ್ದು ಆಗಲೇ. ಅದಕ್ಕೂ ಮೊದಲು ಕ್ಷೇತ್ರವಾಗಿದ್ದ ಕುರುಗೋಡು ಆಗಲೇ ಅಳಿಸಿಹೋಯಿತು. ಹೊಸ ತಾಲ್ಲೂಕುಗಳು ಬಂದದ್ದು ಅದಾದ ಎಷ್ಟೋ ವರ್ಷಗಳ ಮೇಲೆ. ಆದ್ದರಿಂದ ಕಾರಟಗಿ ತಾಲ್ಲೂಕಾದರೂ ಕ್ಷೇತ್ರ ಕನಕಗಿರಿಯೇ, ಕುಕನೂರು ತಾಲ್ಲೂಕಾದರೂ ಕ್ಷೇತ್ರ ಯಲಬುರ್ಗಾವೇ. ಸಿರವಾರ, ಕುರುಗೋಡು ತಾಲ್ಲೂಕುಗಳಿದ್ದರೂ ಆ ಹೆಸರಿನ ಕ್ಷೇತ್ರಗಳಿಲ್ಲ.

ನಿಮ್ಮ ಮತದಾರರ ಗುರುತಿನ ಚೀಟಿಯ ಮೇಲೆ ಕ್ಷೇತ್ರದ ಸಂಖ್ಯೆ ಮತ್ತು ಹೆಸರು ಎರಡೂ ಇರುತ್ತವೆ. ರಾಯಚೂರು ಗ್ರಾಮೀಣ 53, ರಾಯಚೂರು ನಗರ 54, ಮಾನ್ವಿ 55, ದೇವದುರ್ಗ 56, ಲಿಂಗಸುಗೂರು 57, ಸಿಂಧನೂರು 58, ಮಸ್ಕಿ 59. ಕೊಪ್ಪಳ ಜಿಲ್ಲೆಯಲ್ಲಿ ಕುಷ್ಟಗಿ 60ರಿಂದ ಶುರುವಾಗಿ ಕನಕಗಿರಿ, ಗಂಗಾವತಿ, ಯಲಬುರ್ಗಾ ದಾಟಿ ಕೊಪ್ಪಳ 64ಕ್ಕೆ ನಿಲ್ಲುತ್ತದೆ. ಬಳ್ಳಾರಿ ಜಿಲ್ಲೆಯಲ್ಲಿ ಕಂಪ್ಲಿ 91, ಸಿರುಗುಪ್ಪ 92, ಬಳ್ಳಾರಿ ಗ್ರಾಮೀಣ 93, ಬಳ್ಳಾರಿ ನಗರ 94, ಸಂಡೂರು 95. ಚೀಟಿ ಹಳೆಯದಾಗಿದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ ಕೇಳಿ.

ನಮ್ಮದು ಬಳ್ಳಾರಿ ಜಿಲ್ಲೆ. ಹಾಗಾದರೆ ಎಂಪಿ ಬಳ್ಳಾರಿಯವರೇ ತಾನೇ?

ಸಿರುಗುಪ್ಪದವರಾದರೆ ಅಲ್ಲ. ಸಿರುಗುಪ್ಪ ಕ್ಷೇತ್ರ ಕೊಪ್ಪಳ ಲೋಕಸಭೆಗೆ ಸೇರಿದೆ. ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿಯೂ ಕೊಪ್ಪಳಕ್ಕೇ ಸೇರಿವೆ. ಉಳಿದ ಐದು ರಾಯಚೂರು ಕ್ಷೇತ್ರಗಳು ಶಹಾಪುರ, ಸುರಪುರ, ಯಾದಗಿರಿ ಜೊತೆಗೂಡಿ ರಾಯಚೂರು ಲೋಕಸಭೆ ಆಗುತ್ತವೆ. ಬಳ್ಳಾರಿ ಲೋಕಸಭೆಯಲ್ಲಿ ವಿಜಯನಗರ ಜಿಲ್ಲೆಯ ಹಡಗಲಿ, ಕೂಡ್ಲಿಗಿಯವರೂ ಇದ್ದಾರೆ. ರೈಲು, ರಾಷ್ಟ್ರೀಯ ಹೆದ್ದಾರಿ, ಅಂಚೆ ಕಚೇರಿಯಂಥ ವಿಷಯಕ್ಕೆ ಎಂಪಿ ಬಳಿ ಹೋಗುವವರು ಇದನ್ನು ಮೊದಲು ನೋಡಿಕೊಳ್ಳಿ. ಸಿಂಧನೂರಿನಿಂದ ರಾಯಚೂರು ಎಂಪಿಗೆ ಹೋದ ಮನವಿ ಬರೀ ಸುತ್ತಾಡುತ್ತದೆ.

ಎಂಎಲ್‌ಸಿ ಎಂದರೆ ಯಾರು? ಅವರಿಂದ ನಮಗೇನು ಉಪಯೋಗ?

ವಿಧಾನ ಪರಿಷತ್ತಿನ 75 ಸದಸ್ಯರಲ್ಲಿ ನಮ್ಮ ಭಾಗಕ್ಕೆ ನೇರ ಸಂಬಂಧ ಇರುವವರು ಮೂರು ಬಗೆ. ಪದವೀಧರರು ಆರಿಸುವ ಈಶಾನ್ಯ ಪದವೀಧರರ ಕ್ಷೇತ್ರದವರು, ಈಶಾನ್ಯ ಶಿಕ್ಷಕರ ಕ್ಷೇತ್ರದವರು, ಗ್ರಾಮ ಪಂಚಾಯಿತಿ ಮತ್ತು ನಗರಸಭೆ ಸದಸ್ಯರು ಆರಿಸುವ ಸ್ಥಳೀಯ ಸಂಸ್ಥೆಗಳ ಕ್ಷೇತ್ರದವರು. ಈ ಕೊನೆಯದು ರಾಯಚೂರು–ಕೊಪ್ಪಳಕ್ಕೆ ಒಟ್ಟಿಗೆ ಒಂದು, ಬಳ್ಳಾರಿಗೆ ಬೇರೆ. ಇವರಿಗೂ ಸದನದಲ್ಲಿ ಪ್ರಶ್ನೆ ಕೇಳುವ ಹಕ್ಕಿದೆ, ಸ್ಥಳೀಯ ಅಭಿವೃದ್ಧಿ ನಿಧಿಯೂ ಇದೆ. ಶಾಸಕರ ಮನೆಯಷ್ಟು ಗದ್ದಲ ಇವರಲ್ಲಿ ಇರುವುದಿಲ್ಲ, ನಿಮ್ಮ ಕಾಗದ ಓದಲು ಇವರಿಗೆ ಪುರುಸೊತ್ತು ಹೆಚ್ಚು. ಜನ ಇವರನ್ನು ಮರೆತೇ ಬಿಡುತ್ತಾರೆ.

ಶಾಸಕರ ಕೈಯಲ್ಲಿ ನಿಜವಾಗಿ ಏನೇನಿದೆ?

ಬಾಯಿ, ಸಹಿ, ಕುರ್ಚಿ.

ಬಾಯಿ ಸದನದಲ್ಲಿ: ಪ್ರಶ್ನೆ, ಚರ್ಚೆ, ಮಸೂದೆಯ ಮೇಲಿನ ಮತ, ಬಜೆಟ್ ಬೇಡಿಕೆಗಳ ಮೇಲಿನ ಮಾತು. ಸಹಿ ಎಂದರೆ ಶಿಫಾರಸು: ತಮ್ಮ ನಿಧಿಯಿಂದ ಯಾವ ಕಾಮಗಾರಿ ಆಗಬೇಕು, ಯಾವ ರಸ್ತೆ ಮೊದಲಿಗೆ ಬರಬೇಕು ಎಂದು ಬರೆದು ಕೊಡುವುದು. ಕುರ್ಚಿ ಎಂದರೆ ಸಮಿತಿಗಳು. ಇಲಾಖೆಗಳ ಕೆಲಸದ ಪ್ರಗತಿ ನೋಡುವ ತಾಲ್ಲೂಕು ಮಟ್ಟದ ಕೆಡಿಪಿ ಸಭೆಗೆ ಅವರೇ ಅಧ್ಯಕ್ಷರು. ಬಗರ್ ಹುಕುಂ (ಸರ್ಕಾರಿ ಜಮೀನಿನಲ್ಲಿ ಅನುಮತಿಯಿಲ್ಲದ ಸಾಗುವಳಿ) ಸಕ್ರಮ ಸಮಿತಿ, ಪಟ್ಟಣಗಳ ಆಶ್ರಯ ಸಮಿತಿ, ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿ ಇವುಗಳಲ್ಲೂ ಅವರದೇ ಮುಖ್ಯ ಕುರ್ಚಿ.

ಅವರ ಕೈಯಲ್ಲಿ ಇಲ್ಲದ್ದು ಆದೇಶ. ಇಂಜಿನಿಯರಿಗೆ ಕಾರ್ಯಾದೇಶ ಕೊಡುವುದು, ಚೆಕ್ಕಿಗೆ ಸಹಿ ಹಾಕುವುದು, ಜಮೀನಿನ ಪಹಣಿ ತಿದ್ದುವುದು, ಯಾವುದೂ ಶಾಸಕರ ಅಧಿಕಾರವಲ್ಲ. ಅವರು ಅಧಿಕಾರಿಗೆ ಗದರಿಸಿ ಹೇಳಿದ್ದನ್ನು ನೀವು ಕಣ್ಣಾರೆ ನೋಡಿರಬಹುದು. ಆ ಗದರಿಕೆ ಕಡತಕ್ಕೆ ಹೋಗುವುದಿಲ್ಲ. ಕಡತಕ್ಕೆ ಹೋಗುವುದು ಕಾಗದ ಮಾತ್ರ. ಅದಕ್ಕೇ ಇಲ್ಲಿ ಕಾಗದದ ಮಾತು ಇಷ್ಟೊಂದು ಬರುತ್ತದೆ.

ಯಾವ ಕೆಲಸಕ್ಕೆ ಶಾಸಕರ ಪತ್ರವೇ ಬೇಕಾಗಿಲ್ಲ?

ಜಾತಿ, ಆದಾಯ ಪ್ರಮಾಣಪತ್ರ, ವೃದ್ಧಾಪ್ಯ ವೇತನ, ವಿಧವಾ ವೇತನ ಇವೆಲ್ಲ ನಾಡಕಚೇರಿಯಲ್ಲಿ ಅರ್ಜಿ ಹಾಕುವ ಕೆಲಸ. ಸಂವಿಧಾನದ 371(ಜೆ) ವಿಧಿಯಡಿ ನಮ್ಮ ಭಾಗದವರಿಗಿರುವ ಮೀಸಲಾತಿಗೆ ಬೇಕಾದ ಅರ್ಹತಾ ಪ್ರಮಾಣಪತ್ರ ಕೊಡುವವರು ಉಪವಿಭಾಗಾಧಿಕಾರಿ, ಅಂದರೆ ಎಸಿ. ಸಕಾಲ ಕಾಯ್ದೆಯಡಿ ಬರುವ ಸೇವೆಗಳಿಗೆ ದಿನದ ಗಡುವು ಇದೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ಪರಿಹಾರದ ಹಣ ದೊಡ್ಡದಲ್ಲ, ಆದರೆ ಅದು ಅಧಿಕಾರಿಯ ಸಂಬಳದಿಂದ ಹೋಗುವುದರಿಂದ ಮೇಲ್ಮನವಿ ಹಾಕಿದ ಕೂಡಲೇ ಕಡತ ಚುರುಕಾಗುತ್ತದೆ. ಸಕಾಲ ಸ್ವೀಕೃತಿಯ ಸಂಖ್ಯೆ ಶಾಸಕರ ಪತ್ರಕ್ಕಿಂತ ಗಟ್ಟಿ. ಉಳಿದ ಇಲಾಖಾ ದೂರುಗಳಿಗೆ 1902 ಸಹಾಯವಾಣಿ ಇದೆ.

ಮುಖ್ಯಮಂತ್ರಿ ಪರಿಹಾರ ನಿಧಿಯಿಂದ ಚಿಕಿತ್ಸೆಗೆ ನೆರವು ಕೇಳುವವರಿಗೆ ಮಾತ್ರ ಶಾಸಕರ ಶಿಫಾರಸು ಪತ್ರ ಅನುಕೂಲವೇ. ಆಸ್ಪತ್ರೆಯ ಅಂದಾಜು ಪಟ್ಟಿ ಅಥವಾ ಮೂಲ ಬಿಲ್ಲು, ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್ ಪ್ರತಿ ಜೊತೆಗಿಟ್ಟುಕೊಂಡೇ ಹೋಗಿ. ಮೂಲ ಬಿಲ್ಲು ಕೊಡುವ ಮುಂಚೆ ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಿ.

ಮನವಿ ಪತ್ರ ಹೇಗೆ ಬರೆಯಬೇಕು?

ಒಂದು ಮನವಿಗೆ ಒಂದೇ ವಿಷಯ. ಒಂದೇ ಹಾಳೆಯಲ್ಲಿ ರಸ್ತೆ, ಶಾಲೆ, ಕುಡಿಯುವ ನೀರು, ಸ್ಮಶಾನ ಎಲ್ಲ ಬರೆದರೆ ಅದು ನಾಲ್ಕು ಇಲಾಖೆಗೆ ಹೋಗಬೇಕು. ಕೊನೆಗೆ ಒಂದಕ್ಕೂ ಹೋಗುವುದಿಲ್ಲ, ಆಪ್ತ ಸಹಾಯಕರ ಮೇಜಿನ ಮೇಲೇ ಉಳಿಯುತ್ತದೆ.

ಊರು, ಗ್ರಾಮ ಪಂಚಾಯಿತಿ, ಹೋಬಳಿ, ತಾಲ್ಲೂಕು ಬರೆಯಿರಿ. ರಸ್ತೆಯಾದರೆ ಎಲ್ಲಿಂದ ಎಲ್ಲಿಗೆ, ಎಷ್ಟು ಕಿಲೋಮೀಟರ್, ಎಲ್ಲಿ ಹಳ್ಳ ದಾಟುತ್ತದೆ ಎಂಬುದು ಇರಬೇಕು. "ನಮ್ಮೂರ ರಸ್ತೆ ಬಹಳ ಕೆಟ್ಟಿದೆ" ಎಂದರೆ ಇಂಜಿನಿಯರಿಗೆ ಏನೂ ತಿಳಿಯದು. ಆ ರಸ್ತೆ ಯಾರದು ಎಂಬುದನ್ನೂ ಮೊದಲೇ ವಿಚಾರಿಸಿ. ಊರೊಳಗಿನ ಓಣಿ ಪಂಚಾಯಿತಿಯದು, ಹಳ್ಳಿಯಿಂದ ಹಳ್ಳಿಗೆ ಹೋಗುವ ರಸ್ತೆ ಬಹುಮಟ್ಟಿಗೆ ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದ್ದು, ಜಿಲ್ಲಾ ಮುಖ್ಯ ರಸ್ತೆ ಮತ್ತು ರಾಜ್ಯ ಹೆದ್ದಾರಿ ಲೋಕೋಪಯೋಗಿಯದು. ಲಿಂಗಸುಗೂರು–ಮಸ್ಕಿ–ಸಿಂಧನೂರು–ಸಿರುಗುಪ್ಪ ರಸ್ತೆ ರಾಷ್ಟ್ರೀಯ ಹೆದ್ದಾರಿ 150ಎ. ಅದರ ಗುಂಡಿಗೆ ಶಾಸಕರ ನಿಧಿ ಹಾಕಲಾಗದು.

ಕಟ್ಟಡ ಕೇಳುವುದಾದರೆ ಜಾಗದ ಸರ್ವೆ ನಂಬರ್ ಹಾಕಿ, ಪಹಣಿ ಪ್ರತಿ ಲಗತ್ತಿಸಿ. ಗ್ರಾಮ ಸಭೆಯಲ್ಲೋ ಪಂಚಾಯಿತಿ ಸಭೆಯಲ್ಲೋ ಆದ ಠರಾವಿನ ನಕಲು ಇದ್ದರೆ ಮನವಿಯ ತೂಕವೇ ಬೇರೆ. ನೂರು ಜನರ ಸಹಿಗಿಂತ ಒಂದು ಠರಾವು ಮೇಲು. ಸಹಿ ಹಾಕಿಸಿದರೂ ಹೆಸರು, ಮನೆ, ಮೊಬೈಲ್ ನಂಬರ್ ಸ್ಪಷ್ಟ ಇರಲಿ. ವಿಚಾರಣೆಗೆ ಬಂದ ಕಿರಿಯ ಇಂಜಿನಿಯರ್ ಫೋನ್ ಮಾಡುವುದು ಆ ನಂಬರಿಗೇ.

ಎರಡು ಪ್ರತಿ ಒಯ್ಯಿರಿ. ಎರಡನೆಯದರ ಮೇಲೆ ತಾರೀಕು, ಕಚೇರಿ ಮುದ್ರೆ ಹಾಕಿಸಿಕೊಳ್ಳಿ.

ಶಾಸಕರು ಅರ್ಜಿ ಮೇಲೆ "ಪರಿಶೀಲಿಸಿ ಕ್ರಮ ಕೈಗೊಳ್ಳಿ" ಎಂದು ಬರೆದು ಸಹಿ ಹಾಕಿದರು. ಕೆಲಸ ಆದಂತೆಯೇ?

ಇಲ್ಲ. ಆ ಸಾಲು ಯಾವ ಅಧಿಕಾರಿಯನ್ನೂ ಕಟ್ಟಿಹಾಕುವುದಿಲ್ಲ. ಸಹಿ ಆದ ಅರ್ಜಿಯನ್ನು ನೀವೇ ಸಂಬಂಧಪಟ್ಟ ಕಚೇರಿಯ ಟಪಾಲು ವಿಭಾಗಕ್ಕೆ ಕೊಟ್ಟು ಇನ್‌ವರ್ಡ್ ನಂಬರ್ ತೆಗೆದುಕೊಳ್ಳಬೇಕು. ಜನ ಎಡವುವುದು ಇಲ್ಲೇ. ಸಹಿ ಬಿದ್ದ ಕಾಗದವನ್ನು ಮನೆಯಲ್ಲಿ ಜೋಪಾನವಾಗಿ ಇಟ್ಟುಕೊಂಡು ಆರು ತಿಂಗಳು ಕಾಯುತ್ತಾರೆ.

ತಿಂಗಳಾದರೂ ಸುದ್ದಿ ಇಲ್ಲದಿದ್ದರೆ ಆ ನಂಬರ್ ಹಾಕಿ "ಹಿಂಬರಹ ನೀಡಿ" ಎಂದು ಇನ್ನೊಂದು ಅರ್ಜಿ ಕೊಡಿ. ಹಿಂಬರಹ ಎಂದರೆ ಆಗುತ್ತದೆಯೋ ಇಲ್ಲವೋ, ಆಗದಿದ್ದರೆ ಏಕೆ ಎಂಬುದನ್ನು ಕಚೇರಿ ಬರೆದು ಕೊಡುವ ಉತ್ತರ. "ಅನುದಾನ ಲಭ್ಯವಿಲ್ಲ" ಎಂಬ ಹಿಂಬರಹವೂ ಒಳ್ಳೆಯದೇ. ಅದನ್ನು ಹಿಡಿದು ಶಾಸಕರಿಗೆ "ಬೇರೆ ಶೀರ್ಷಿಕೆಯಲ್ಲಿ ಹಣ ಕೊಡಿಸಿ" ಎಂದು ಕೇಳಬಹುದು. ಬಾಯಿಮಾತಿನ "ನೋಡೋಣ" ಹಿಡಿದುಕೊಂಡು ಎಲ್ಲಿಗೂ ಹೋಗಲಾಗದು.

ಶಾಸಕರ ನಿಧಿ ಎಷ್ಟು? ನಮ್ಮೂರಿಗೆ ಏಕೆ ಬರುವುದಿಲ್ಲ?

ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆಯಲ್ಲಿ ಒಬ್ಬ ಶಾಸಕರಿಗೆ ವರ್ಷಕ್ಕೆ 2 ಕೋಟಿ ರೂಪಾಯಿ. ಎಂಪಿಗಳಿಗೆ 5 ಕೋಟಿ. ಹಣ ಶಾಸಕರ ಕೈಗೆ ಬರುವುದಿಲ್ಲ. ಅದು ಜಿಲ್ಲಾಧಿಕಾರಿ ಖಾತೆಗೆ ಬರುತ್ತದೆ, ಶಾಸಕರು ಕಾಮಗಾರಿಯನ್ನು ಶಿಫಾರಸು ಮಾಡುತ್ತಾರೆ ಅಷ್ಟೆ. ನಿಮ್ಮ ಕ್ಷೇತ್ರದಲ್ಲಿ ಎಷ್ಟು ಹಳ್ಳಿ, ತಾಂಡಾ, ಕ್ಯಾಂಪು ಇವೆ ಎಂದು ಎಣಿಸಿ ಭಾಗಿಸಿ ನೋಡಿ: ಪ್ರತಿ ಊರಿಗೂ ಪ್ರತಿ ವರ್ಷ ಬರುವಷ್ಟು ಹಣ ಇದಲ್ಲ. ಹಾಗಾಗಿ ಈ ನಿಧಿಯಿಂದ ದೊಡ್ಡ ರಸ್ತೆ ಕೇಳಬೇಡಿ. ಶಾಲಾ ಕೊಠಡಿ, ಬಸ್ ತಂಗುದಾಣ, ಅರ್ಧಕ್ಕೆ ನಿಂತ ಸಮುದಾಯ ಭವನದ ಉಳಿದ ಕೆಲಸ, ಇಂಥವಕ್ಕೆ ಕೇಳಿ.

ಸಮುದಾಯ ಭವನದ ಮಂಜೂರಾತಿ ಕೆಡುವುದು ಬಹುತೇಕ ಜಾಗದ ವಿಷಯಕ್ಕೆ. ಜಾಗ ಯಾರೋ ಒಬ್ಬರ ಹೆಸರಿನಲ್ಲಿರುತ್ತದೆ, "ಊರಿಗೆ ಬಿಟ್ಟುಕೊಟ್ಟಿದ್ದಾರೆ" ಎಂಬ ಬಾಯಿಮಾತು ಮಾತ್ರ ಇರುತ್ತದೆ. ಸಾರ್ವಜನಿಕ ಹಣದಲ್ಲಿ ಖಾಸಗಿ ಜಾಗದ ಮೇಲೆ ಕಟ್ಟಡ ಏಳುವಂತಿಲ್ಲ. ಮೊದಲು ಜಾಗವನ್ನು ಪಂಚಾಯಿತಿ ಹೆಸರಿಗೆ ನೋಂದಾಯಿಸಿ, ಆಮೇಲೆ ಶಾಸಕರ ಬಳಿ ಹೋಗಿ.

ನಮ್ಮ ಭಾಗದ ಶಾಸಕರಿಗೆ ಇನ್ನೊಂದು ದಾರಿಯೂ ಇದೆ. 371(ಜೆ) ಬಂದ ಮೇಲೆ ರಚನೆಯಾದ ಮಂಡಳಿ, ಈಗಿನ ಹೆಸರಿನಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ (ಕೆಕೆಆರ್‌ಡಿಬಿ), ಕಲಬುರಗಿಯಲ್ಲಿದೆ. ಅದರ ಮೈಕ್ರೋ ಯೋಜನೆಯ ಕಾಮಗಾರಿಗಳು ಶಾಸಕರ ಶಿಫಾರಸಿನಿಂದಲೇ ಬರುತ್ತವೆ. ರಸ್ತೆ, ಶಾಲೆ, ಆಸ್ಪತ್ರೆ ಕಟ್ಟಡಕ್ಕೆ ಅಲ್ಲಿ ಸಿಗುವ ಮೊತ್ತ ಸ್ಥಳೀಯ ನಿಧಿಗಿಂತ ದೊಡ್ಡದು. ಆದ್ದರಿಂದ ಮನವಿಯಲ್ಲಿ "ಶಾಸಕರ ನಿಧಿಯಿಂದ" ಎಂದು ಬರೆದು ನೀವೇ ಬಾಗಿಲು ಮುಚ್ಚಿಕೊಳ್ಳಬೇಡಿ. "ಶಾಸಕರ ನಿಧಿ, ಕೆಕೆಆರ್‌ಡಿಬಿ ಅಥವಾ ಸೂಕ್ತ ಶೀರ್ಷಿಕೆಯಡಿ" ಎಂದು ಬರೆಯಿರಿ.

ಬಳ್ಳಾರಿ, ಸಂಡೂರಿನ ಗಣಿ ಬಾಧಿತ ಊರುಗಳಿಗೆ ಮೂರನೆಯ ದಾರಿ ಜಿಲ್ಲಾ ಖನಿಜ ಪ್ರತಿಷ್ಠಾನ, ಜನ ಡಿಎಂಎಫ್ ಎನ್ನುವುದು ಇದನ್ನೇ. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಬಂದದ್ದು. ಅಧ್ಯಕ್ಷರು ಜಿಲ್ಲಾಧಿಕಾರಿ, ಜಿಲ್ಲೆಯ ಶಾಸಕರು ಆಡಳಿತ ಮಂಡಳಿಯಲ್ಲಿ ಸದಸ್ಯರು. ಅದಿರು ಲಾರಿ ಓಡಾಡಿ ಹಾಳಾದ ರಸ್ತೆ, ಕೆಂಪು ದೂಳು, ಕುಡಿಯುವ ನೀರು, ಆಸ್ಪತ್ರೆ ಇವೆಲ್ಲ ಇದರ ವ್ಯಾಪ್ತಿಗೆ ಬರುತ್ತವೆ. ನಿಮ್ಮ ಊರು ಬಾಧಿತ ಪ್ರದೇಶಗಳ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಿ. ಇಲ್ಲದಿದ್ದರೆ ಪಟ್ಟಿಗೆ ಸೇರಿಸಬೇಕೆಂಬುದೇ ಶಾಸಕರಿಗೆ ಕೊಡುವ ಮೊದಲ ಮನವಿ ಆಗಬೇಕು.

ಭೂಮಿಪೂಜೆ ಆಗಿ ವರ್ಷವಾಯಿತು. ಇನ್ನೂ ಒಂದು ಬುಟ್ಟಿ ಮಣ್ಣೂ ಬಿದ್ದಿಲ್ಲ. ಏಕೆ?

ಗುದ್ದಲಿ ಪೂಜೆಗೂ ಕಾಮಗಾರಿಗೂ ಕಾನೂನಿನಲ್ಲಿ ಯಾವ ಸಂಬಂಧವೂ ಇಲ್ಲ. ಕೆಲಸದ ದಾರಿ ಹೀಗಿದೆ: ಶಾಸಕರ ಶಿಫಾರಸು, ಇಂಜಿನಿಯರಿಂದ ಅಂದಾಜು ಪಟ್ಟಿ, ಕ್ರಿಯಾ ಯೋಜನೆಗೆ ಸೇರ್ಪಡೆ, ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್ ಅಥವಾ ಏಜೆನ್ಸಿಗೆ ವಹಿಸುವುದು, ಕಾರ್ಯಾದೇಶ. ಆಮೇಲೆ ಕೆಲಸ, ಅಳತೆ ಪುಸ್ತಕ, ಬಿಲ್ಲು.

ಎಲ್ಲಿ ನಿಂತಿದೆ ಎಂದು ತಿಳಿಯಲು ಒಂದೇ ಪ್ರಶ್ನೆ ಸಾಕು: "ಕಾರ್ಯಾದೇಶ ಆಗಿದೆಯೇ? ಆಗಿದ್ದರೆ ಸಂಖ್ಯೆ, ದಿನಾಂಕ ಕೊಡಿ." ಆಗಿಲ್ಲದಿದ್ದರೆ ತಪ್ಪು ಕಚೇರಿಯದು, ಅಂದಾಜು ಪಟ್ಟಿಯೋ ಅನುಮೋದನೆಯೋ ಬಾಕಿ. ಆಗಿದ್ದೂ ಕೆಲಸ ಇಲ್ಲದಿದ್ದರೆ ಗುತ್ತಿಗೆದಾರರದು, ಇಲ್ಲವೇ ಹಿಂದಿನ ಬಿಲ್ಲು ಬಾಕಿ ಇದೆಯೆಂದು ಅವರು ಕೈಕಟ್ಟಿ ಕೂತಿರುತ್ತಾರೆ. ಕಾಮಗಾರಿ ಸರ್ಕಾರದ ನಿರ್ಮಾಣ ಸಂಸ್ಥೆಗಳಾದ ನಿರ್ಮಿತಿ ಕೇಂದ್ರಕ್ಕೋ ಕೆಆರ್‌ಐಡಿಎಲ್‌ಗೋ ಹೋಗಿದ್ದರೆ (ಹಿರಿಯರು ಈಗಲೂ ಲ್ಯಾಂಡ್ ಆರ್ಮಿ ಎನ್ನುತ್ತಾರೆ) ತಾಲ್ಲೂಕು ಪಂಚಾಯಿತಿಯಲ್ಲಿ ವಿಚಾರಿಸಿ ಫಲವಿಲ್ಲ, ಆ ಏಜೆನ್ಸಿಯ ಕಚೇರಿಗೇ ಹೋಗಬೇಕು. ಚುನಾವಣಾ ನೀತಿ ಸಂಹಿತೆ ಜಾರಿಯಲ್ಲಿದ್ದರೆ ಹೊಸ ಕಾಮಗಾರಿ ಶುರು ಮಾಡುವಂತಿಲ್ಲ. ಆದರೆ ಅದಾಗಲೇ ನಡೆಯುತ್ತಿರುವ ಕೆಲಸವನ್ನು ನಿಲ್ಲಿಸಬೇಕಿಲ್ಲ. "ಸಂಹಿತೆ ಇದೆ" ಎಂಬ ನೆಪ ಕೇಳಿದಾಗ ಕಾರ್ಯಾದೇಶದ ತಾರೀಕು ನೋಡಿ.

ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಜಿಲ್ಲಾಧಿಕಾರಿ ಕಚೇರಿಯಿಂದ ನಿಮ್ಮ ಶಾಸಕರ ನಿಧಿಯ ಕಾಮಗಾರಿ ಪಟ್ಟಿ ಕೇಳಬಹುದು. ಉತ್ತರಕ್ಕೆ 30 ದಿನ. ವರ್ಷ ನಮೂದಿಸಿ, ಕಾಮಗಾರಿ ಹೆಸರು, ಮೊತ್ತ, ಏಜೆನ್ಸಿ, ಈಗಿನ ಹಂತ ಇಷ್ಟನ್ನೇ ಕೇಳಿ. "ಸಮಸ್ತ ದಾಖಲೆ ಕೊಡಿ" ಎಂದರೆ ಸಾವಿರ ಪುಟದ ಜೆರಾಕ್ಸ್ ಹಣ ಕಟ್ಟಿ ಎಂಬ ಪತ್ರ ಬರುತ್ತದೆ.

ಕಾಲುವೆ ಕೊನೆ ಭಾಗಕ್ಕೆ ನೀರು ಬರುತ್ತಿಲ್ಲ. ಶಾಸಕರು ನೀರು ಬಿಡಿಸಬಲ್ಲರೇ?

ಬಿಡಿಸಲು ಒತ್ತಾಯಿಸಬಲ್ಲರು. ಎಲ್ಲಿ ಒತ್ತಾಯಿಸಬೇಕು ಎಂಬುದು ನಿಮ್ಮ ಹೊಲ ತುಂಗಭದ್ರಾ ನದಿಯ ಯಾವ ದಂಡೆಗಿದೆ ಎಂಬುದರ ಮೇಲೆ ನಿಂತಿದೆ.

ಕೊಪ್ಪಳ, ರಾಯಚೂರು ಜಿಲ್ಲೆಯವರದು ಎಡದಂಡೆ ನಾಲೆ. 227 ಕಿಲೋಮೀಟರ್ ಉದ್ದದ ಈ ನಾಲೆಯ ನಿರ್ವಹಣೆ ಮುನಿರಾಬಾದಿನಲ್ಲಿರುವ ರಾಜ್ಯದ ನೀರಾವರಿ ಇಂಜಿನಿಯರುಗಳದು. ಬಳ್ಳಾರಿ, ಸಿರುಗುಪ್ಪ ಕಡೆಯ ಬಲದಂಡೆ ಮೇಲ್ಮಟ್ಟದ ಮತ್ತು ಕೆಳಮಟ್ಟದ ಕಾಲುವೆಗಳ ಮುಖ್ಯ ನಿಯಂತ್ರಣ ತುಂಗಭದ್ರಾ ಮಂಡಳಿಯದು. ಅದು ಅಂತರರಾಜ್ಯ ಮಂಡಳಿ, ಅಧ್ಯಕ್ಷರನ್ನು ನೇಮಿಸುವುದು ಕೇಂದ್ರ ಸರ್ಕಾರ. ಎಡದಂಡೆಯ ಅಧಿಕಾರಿಗೆ ನಮ್ಮ ಸಚಿವರು ನೇರ ಸೂಚನೆ ಕೊಡಬಹುದು, ಮಂಡಳಿಗೆ ಹಾಗಲ್ಲ. ಅಲ್ಲಿ ರಾಜ್ಯದ ಪ್ರತಿನಿಧಿಯ ಮೂಲಕವೇ ಮಾತಾಡಬೇಕು.

ಯಾವ ಬೆಳೆಗೆ, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ, ಎಷ್ಟು ಕ್ಯುಸೆಕ್ ಎಂಬುದು ತೀರ್ಮಾನವಾಗುವುದು ನೀರಾವರಿ ಸಲಹಾ ಸಮಿತಿಯಲ್ಲಿ. ಎಲ್ಲರ ಬಾಯಲ್ಲಿ ಅದು ಐಸಿಸಿ ಸಭೆ. ಸಚಿವರ ಅಧ್ಯಕ್ಷತೆಯಲ್ಲಿ ಅಚ್ಚುಕಟ್ಟಿನ ಶಾಸಕರು, ಸಂಸದರು ಕೂರುತ್ತಾರೆ. ಮುಂಗಾರಿಗೆ ಒಮ್ಮೆ, ನವೆಂಬರ್ ಆಸುಪಾಸು ಎರಡನೇ ಬೆಳೆಗೆ ಇನ್ನೊಮ್ಮೆ. ನಿಮ್ಮ ಮಾತು ಶಾಸಕರಿಗೆ ತಲುಪಬೇಕಾದದ್ದು ಈ ಸಭೆಗೆ ಮುಂಚೆ. ಭತ್ತ ತೆನೆ ಬಿಚ್ಚುವಾಗ ಹೆದ್ದಾರಿ ತಡೆದರೆ ಒಂದೆರಡು ದಿನದ ನೀರು ಬರಬಹುದು, ವೇಳಾಪಟ್ಟಿ ಬದಲಾಗದು.

ಕೊನೆ ಭಾಗದವರ ಕಷ್ಟಕ್ಕೆ ಕಾರಣ ಹಲವು ಸಲ ಜಲಾಶಯದ ಮಟ್ಟವಲ್ಲ. ಮೇಲ್ಭಾಗದಲ್ಲಿ ಅಕ್ರಮ ತೂಬು, ನಾಲೆಗೇ ಇಟ್ಟ ಪಂಪ್‌ಸೆಟ್, ಮಿತ ನೀರಾವರಿಯ, ಅಂದರೆ ಕಡಿಮೆ ನೀರಿನ ಬೆಳೆಗೆಂದು ಗುರುತಿಸಿದ ಜಮೀನಿನಲ್ಲಿ ಭತ್ತ. ಹಾಗಾಗಿ "ನೀರು ಬಿಡಿಸಿ" ಎಂಬುದಕ್ಕಿಂತ "69ನೇ ಮೈಲಿನಲ್ಲಿ ಇಷ್ಟು ಅಡಿ ಗೇಜ್ ಕಾಯ್ದುಕೊಳ್ಳಿ, ಮೇಲಿನ ಅಕ್ರಮ ತೂಬು ಮುಚ್ಚಿಸಿ" ಎಂಬ ಬೇಡಿಕೆ ಹರಿತ. ಗೇಜ್ ಎಂದರೆ ನಾಲೆಯ ನೀರಿನ ಮಟ್ಟದ ಅಳತೆ, ಅದನ್ನು ಓದಿದ ತಾರೀಕು, ಗಂಟೆ ಬರೆದಿಟ್ಟು ಕೊಡಿ. ಆದರೆ ಮೇಲ್ಭಾಗದ ಶಾಸಕರಿಗೂ ಅವರ ಮತದಾರರಿದ್ದಾರೆ ಎಂಬುದು ಮರೆಯಬಾರದು. ಗಂಗಾವತಿ, ಕಾರಟಗಿಯ ಮಾತು ಒಂದು, ಮಾನ್ವಿ, ಸಿರವಾರ, ರಾಯಚೂರಿನ ಮಾತು ಇನ್ನೊಂದು. ಇಬ್ಬರೂ ಪ್ರತಿನಿಧಿಗಳೇ. ಐಸಿಸಿಯಲ್ಲಿ ಕೊನೆ ಭಾಗದ ಶಾಸಕರು ಪಕ್ಷ ಮರೆತು ಒಟ್ಟಿಗೆ ಕೂತಾಗ ಮಾತ್ರ ತಕ್ಕಡಿ ಸ್ವಲ್ಪ ಅಲುಗುತ್ತದೆ.

ಹೂಳು ತುಂಬಿ ಜಲಾಶಯದ ಸಾಮರ್ಥ್ಯ 133 ಟಿಎಂಸಿಯಿಂದ ಸುಮಾರು 105ಕ್ಕೆ ಇಳಿದಿದೆ. ಅದನ್ನು ಸರಿದೂಗಿಸಲು ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಕಟ್ಟಬೇಕೆನ್ನುವ ಸಮತೋಲನ ಜಲಾಶಯಕ್ಕೆ ಆಂಧ್ರ, ತೆಲಂಗಾಣದ ಒಪ್ಪಿಗೆಯೂ ಬೇಕು. ಶಾಸಕರೊಬ್ಬರು ಅದನ್ನು "ಮಾಡಿಸಿಕೊಡುತ್ತೇನೆ" ಎಂದರೆ ಎರಡು ಸಲ ಯೋಚಿಸಿ.

ನಮ್ಮೂರ ವಿಷಯ ವಿಧಾನಸಭೆಯಲ್ಲಿ ಕೇಳಿಸುವುದು ಹೇಗೆ?

ಪ್ರಶ್ನೆಯನ್ನು ಶಾಸಕರು 15 ದಿನ ಮೊದಲೇ ಬರೆದು ಕೊಡಬೇಕು. ಆದ್ದರಿಂದ ಅಧಿವೇಶನದ ಸುದ್ದಿ ಪತ್ರಿಕೆಯಲ್ಲಿ ಬಂದ ಮೇಲೆ ಓಡಿದರೆ ತಡ. ಬಜೆಟ್ ಅಧಿವೇಶನಕ್ಕೆ ಡಿಸೆಂಬರ್–ಜನವರಿಯಲ್ಲೇ, ಬೆಳಗಾವಿಯ ಚಳಿಗಾಲದ ಅಧಿವೇಶನಕ್ಕೆ ದೀಪಾವಳಿ ಹೊತ್ತಿಗೇ ವಿಷಯ ತಲುಪಿಸಿ.

ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಎದ್ದು ಉತ್ತರಿಸುತ್ತಾರೆ, ಉಪಪ್ರಶ್ನೆಯನ್ನೂ ಕೇಳಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ. ಟಿವಿಯಲ್ಲಿ ಬರುವುದು ಮೊದಲನೆಯದು, ಅಂಕಿಅಂಶ ಬೇಕಾದವರಿಗೆ ಉಪಯೋಗ ಎರಡನೆಯದು. "ಮಸ್ಕಿ ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಎಂದಿನಿಂದ" ಎಂದು ಕೇಳಿದರೆ ಇಲಾಖೆ ಲೆಕ್ಕ ಕೊಡಲೇಬೇಕು. "ಆರೋಗ್ಯ ಕೇಂದ್ರಗಳ ಸ್ಥಿತಿ ಸರ್ಕಾರದ ಗಮನಕ್ಕೆ ಬಂದಿದೆಯೇ" ಎಂದರೆ "ಬಂದಿದೆ" ಎಂಬ ಒಂದೇ ಪದ ಉತ್ತರ. ಪ್ರಶ್ನೆಯ ಕರಡನ್ನು ನೀವೇ ಬರೆದು ಆಪ್ತ ಸಹಾಯಕರಿಗೆ ಕೊಟ್ಟರೆ ಅವರಿಗೂ ಸಲೀಸು.

ತುರ್ತು ವಿಷಯಕ್ಕೆ ನಿಯಮ 73ರ ಗಮನ ಸೆಳೆಯುವ ಸೂಚನೆ, ದೊಡ್ಡ ಚರ್ಚೆಗೆ ನಿಯಮ 69, ಎಲ್ಲ ಬದಿಗಿಟ್ಟು ಚರ್ಚಿಸಲು ನಿಯಮ 60ರ ನಿಲುವಳಿ ಸೂಚನೆ. ಸಭಾಧ್ಯಕ್ಷರು ನಿಲುವಳಿಗೆ ಒಪ್ಪುವುದು ಅಪರೂಪ, 69ಕ್ಕೆ ಬದಲಿಸಿ ಕೊಡುವುದೇ ಹೆಚ್ಚು.

ನಮ್ಮ ಶಾಸಕರು ಮಂತ್ರಿಯಾಗಿದ್ದಾರೆ. ಇನ್ನು ಸದನದಲ್ಲಿ ನಮ್ಮ ಪರ ಕೇಳುವವರು ಯಾರು?

ಮಂತ್ರಿಗಳು ಪ್ರಶ್ನೆ ಕೇಳುವಂತಿಲ್ಲ, ಅವರು ಉತ್ತರಿಸುವವರು. ಕ್ಷೇತ್ರಕ್ಕೆ ಅನುದಾನ ತರುವುದು ಅವರಿಗೆ ಸುಲಭ, ಸರ್ಕಾರವನ್ನು ಲೆಕ್ಕ ಕೇಳುವುದು ಕಷ್ಟ. ಲೆಕ್ಕ ಬೇಕಾದಾಗ ಎಂಎಲ್‌ಸಿ ಬಳಿಗೋ ಪಕ್ಕದ ಕ್ಷೇತ್ರದ ಶಾಸಕರ ಬಳಿಗೋ ಹೋಗಿ. ಯಾವ ಶಾಸಕರೂ ರಾಜ್ಯದ ಯಾವ ಊರಿನ ಬಗ್ಗೆಯೂ ಪ್ರಶ್ನೆ ಕೇಳಬಹುದು.

ಸಚಿವರು ಸದನದಲ್ಲಿ "ಮಾಡುತ್ತೇವೆ" ಎಂದರು. ಎರಡು ವರ್ಷವಾದರೂ ಆಗಿಲ್ಲ.

ಅದಕ್ಕೆಂದೇ ಸರ್ಕಾರಿ ಭರವಸೆಗಳ ಸಮಿತಿ ಇದೆ. ಸದನದಲ್ಲಿ ಕೊಟ್ಟ ಮಾತು ಈಡೇರಿತೇ ಎಂದು ಅದು ಇಲಾಖೆಯನ್ನು ಕರೆದು ಕೇಳುತ್ತದೆ. ಉತ್ತರದ ತಾರೀಕು, ಪ್ರಶ್ನೆ ಸಂಖ್ಯೆ ಹಿಡಿದು ನಿಮ್ಮ ಶಾಸಕರಿಂದ ಸಮಿತಿಗೆ ಪತ್ರ ಬರೆಸಿ. ವೇದಿಕೆ ಮೇಲೆ, ಪತ್ರಿಕಾಗೋಷ್ಠಿಯಲ್ಲಿ ಹೇಳಿದ್ದು ಇದಕ್ಕೆ ಬರುವುದಿಲ್ಲ. ಜನರ ಅರ್ಜಿಯನ್ನೇ ನೇರ ಸದನದ ಮುಂದಿಡಲು ಅರ್ಜಿಗಳ ಸಮಿತಿಯೂ ಇದೆ, ಆದರೆ ಕೋರ್ಟಿನಲ್ಲಿರುವ ವಿಷಯವನ್ನು ಅದು ತೆಗೆದುಕೊಳ್ಳುವುದಿಲ್ಲ.

ಬಗರ್ ಹುಕುಂ ಅರ್ಜಿ ಹಾಕಿ ವರ್ಷಗಳಾದವು. ಅಧ್ಯಕ್ಷರು ಶಾಸಕರೇ ಅಲ್ಲವೇ, ಅವರು ಮನಸ್ಸು ಮಾಡಿದರೆ ಆಗದೇ?

ಅಧ್ಯಕ್ಷರು ಅವರೇ, ಕಾರ್ಯದರ್ಶಿ ತಹಶೀಲ್ದಾರರು. ಸಭೆ ಕರೆಯಿಸುವುದು ಶಾಸಕರ ಕೈಯಲ್ಲಿದೆ, ಕಾನೂನು ಮೀರುವುದು ಇಲ್ಲ. ಅರಣ್ಯ ಜಮೀನು ಕೊಡಲು ಬರುವುದಿಲ್ಲ. ಗೋಮಾಳವಾದರೆ ಊರಿನ 100 ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಉಳಿಸಿಯೇ ಕೊಡಬೇಕು. ನಮೂನೆ 57ರ ಅರ್ಜಿಗಳಿಗೆ 2005ರ ಜನವರಿ 1ಕ್ಕೆ ಮುಂಚಿನಿಂದ ಸಾಗುವಳಿ ಇದ್ದದ್ದು ತೋರಿಸಬೇಕು. ಶಾಸಕರನ್ನು ಕೇಳಬೇಕಾದದ್ದು ಇಷ್ಟು: "ನಮ್ಮ ಅರ್ಜಿಯನ್ನು ಸಮಿತಿ ಮುಂದೆ ಇಡಿಸಿ, ತಿರಸ್ಕರಿಸಿದರೆ ಕಾರಣ ಬರೆದು ಕೊಡಿಸಿ." ಕಾರಣ ಕೈಗೆ ಬಂದರೆ ಎಸಿ ಬಳಿ ಮೇಲ್ಮನವಿಗೆ ದಾರಿ ಇದೆ.

ರಾಯಚೂರಿಗೆ ಏಮ್ಸ್ ಬೇಕೆಂದು 2022ರಿಂದ ಧರಣಿ ನಡೆಯಿತು. ಏಳು ಶಾಸಕರಿದ್ದೂ ತರಲಾಗದೇ?

ಏಮ್ಸ್ ಕೊಡುವುದು ಕೇಂದ್ರ ಆರೋಗ್ಯ ಸಚಿವಾಲಯ. ಜಾಗ ಸೂಚಿಸುವುದು, ಜಮೀನು ಕೊಡುವುದು, ಪತ್ರ ಬರೆಯುವುದು ರಾಜ್ಯದ ಪಾಲು. ಇಂಥ ವಿಷಯದಲ್ಲಿ ಶಾಸಕರ ಕೆಲಸ ರಾಜ್ಯದ ನಿಲುವು ಅಲುಗದಂತೆ ನೋಡಿಕೊಳ್ಳುವುದು, ಮುಖ್ಯಮಂತ್ರಿಯನ್ನೂ ನಿಯೋಗವನ್ನೂ ದಿಲ್ಲಿಗೆ ಕರೆದೊಯ್ಯುವುದು. ಲೋಕಸಭೆಯಲ್ಲಿ ಎದ್ದು ಕೇಳಬೇಕಾದವರು ರಾಯಚೂರು ಮತ್ತು ಕೊಪ್ಪಳದ ಎಂಪಿಗಳಿಬ್ಬರೂ, ಏಕೆಂದರೆ ಜಿಲ್ಲೆ ಇಬ್ಬರಿಗೂ ಹಂಚಿಹೋಗಿದೆ. ಐಐಟಿ ಧಾರವಾಡಕ್ಕೆ ಹೋದ ನೋವು ಇಲ್ಲಿನವರಿಗೆ ಇನ್ನೂ ಆರಿಲ್ಲ. ಆ ನೋವಿನ ಮಾತು ಸಭೆಗಳಲ್ಲಿ ಬಂದಷ್ಟು ಸಂಸತ್ತಿನ ಪ್ರಶ್ನೆಗಳಲ್ಲಿ ಬರಬೇಕು.

ಪೊಲೀಸರು ದೂರು ತೆಗೆದುಕೊಳ್ಳುತ್ತಿಲ್ಲ. ಶಾಸಕರಿಂದ ಫೋನ್ ಮಾಡಿಸಬಹುದೇ?

ಜನ ಮಾಡಿಸುತ್ತಾರೆ. ಆದರೆ ನಿಮ್ಮ ಎದುರಾಳಿಯೂ ಅದೇ ಮನೆಗೆ ಹೋಗಿ ಫೋನ್ ಮಾಡಿಸಬಲ್ಲ. ಠಾಣೆಯಲ್ಲಿ ದೂರು ನಿರಾಕರಿಸಿದರೆ ಎಸ್ಪಿಯವರಿಗೆ ಲಿಖಿತವಾಗಿ ಅಂಚೆಯಲ್ಲಿ ಕಳಿಸಿ, ಅದೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಿ. ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ಹೊಸ ಬಿಎನ್‌ಎಸ್‌ಎಸ್‌ನ 173ನೇ ಕಲಮು ಈ ದಾರಿಯನ್ನೇ ಹೇಳುತ್ತದೆ.

ನಮ್ಮೂರು ಅವರಿಗೆ ಓಟು ಹಾಕಿಲ್ಲ. ಅದು ಅವರಿಗೆ ಗೊತ್ತಾಗುತ್ತದೆಯೇ?

ಯಾರು ಯಾರಿಗೆ ಹಾಕಿದರು ಎಂಬುದು ಗೊತ್ತಾಗದು. ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಬಿತ್ತು ಎಂಬುದು ಫಾರಂ 20ರಲ್ಲಿ ಪ್ರಕಟವಾಗುತ್ತದೆ, ಎಲ್ಲರಿಗೂ ಸಿಗುತ್ತದೆ. ಆ ಪಟ್ಟಿ ಎದುರಿಗಿಟ್ಟುಕೊಂಡು ಕಾಮಗಾರಿ ಹಂಚುವವರಿಲ್ಲ ಎಂದು ಹೇಳಿದರೆ ಯಾರೂ ನಂಬರು. ಹಾಗಾದಾಗ ಪಟ್ಟಿಯನ್ನು ನೀವೂ ಬಳಸಿ: ಮಾಹಿತಿ ಹಕ್ಕಿನಲ್ಲಿ ಬಂದ ಕಾಮಗಾರಿ ಪಟ್ಟಿಯ ಪಕ್ಕದಲ್ಲಿ ಫಾರಂ 20 ಇಟ್ಟು ಕೆಡಿಪಿ ಸಭೆಗೂ ಜಿಲ್ಲಾ ಉಸ್ತುವಾರಿ ಸಚಿವರಿಗೂ ಕೊಡಿ.

ಸದನದಲ್ಲಿ ಅವರು ನಮ್ಮ ಇಷ್ಟಕ್ಕೆ ವಿರುದ್ಧವಾಗಿ ಮತ ಹಾಕಿದರು. ಅದು ಸರಿಯೇ?

ಪಕ್ಷ ವಿಪ್ (ಹೀಗೇ ಮತ ಹಾಕಿ ಎಂಬ ಆದೇಶ) ಕೊಟ್ಟಿದ್ದರೆ ಮೀರಿದವರು 1985ರ ಪಕ್ಷಾಂತರ ನಿಷೇಧ ಕಾಯ್ದೆಯಡಿ ಸದಸ್ಯತ್ವವನ್ನೇ ಕಳೆದುಕೊಳ್ಳಬಹುದು. ಮತ ಹಾಕುವಾಗ ಕೈ ಕಟ್ಟಿರುತ್ತದೆ, ಮಾತಾಡುವಾಗ ಅಷ್ಟು ಕಟ್ಟಿರುವುದಿಲ್ಲ. ಅವರು ಮಾತಾಡಿದರೇ ಎಂದು ಕೇಳಿ.

ಗೆದ್ದ ಮೇಲೆ ಮುಖ ತೋರಿಸದ ಶಾಸಕರನ್ನು ವಾಪಸ್ ಕರೆಸಿಕೊಳ್ಳಬಹುದೇ? ಸ್ಥಾನ ಖಾಲಿಯಾದರೆ ಯಾರ ಬಳಿ ಹೋಗುವುದು?

ಶಾಸಕರನ್ನು ವಾಪಸ್ ಕರೆಸುವ ಕಾನೂನು ನಮ್ಮಲ್ಲಿಲ್ಲ. ಅನುಮತಿಯಿಲ್ಲದೆ 60 ದಿನ ಸದನಕ್ಕೆ ಗೈರಾದರೆ ಸದನ ಅವರ ಸ್ಥಾನ ತೆರವಾಯಿತೆಂದು ಸಾರಬಹುದು, ಊರಿಗೆ ಬಾರದಿದ್ದರೆ ಏನೂ ಆಗದು.

ಸ್ಥಾನ ಖಾಲಿಯಾದರೆ ಆರು ತಿಂಗಳಲ್ಲಿ ಉಪಚುನಾವಣೆ ಆಗಬೇಕೆಂಬುದು ಸಾಮಾನ್ಯ ನಿಯಮ. ಸಂಡೂರು ಶಾಸಕರು 2024ರಲ್ಲಿ ಬಳ್ಳಾರಿ ಎಂಪಿಯಾದಾಗ ಅದೇ ನವೆಂಬರಿನಲ್ಲಿ ಉಪಚುನಾವಣೆ ಮುಗಿಯಿತು. ಮಸ್ಕಿಯದು ಬೇರೆ ಕತೆ: 2019ರ ಜುಲೈನಲ್ಲಿ ಶಾಸಕರು ಅನರ್ಹಗೊಂಡರು, ಹಿಂದಿನ ಚುನಾವಣೆಯ ತಕರಾರು ಹೈಕೋರ್ಟಿನಲ್ಲಿ ಇದ್ದುದರಿಂದ ಮತದಾನ ನಡೆದದ್ದು 2021ರ ಏಪ್ರಿಲ್‌ನಲ್ಲಿ. ಅಂಥ ಹೊತ್ತಿನಲ್ಲಿ ಮನವಿಯನ್ನು ಎಂಪಿ, ಎಂಎಲ್‌ಸಿ, ಉಸ್ತುವಾರಿ ಸಚಿವರಿಗೆ ಕೊಟ್ಟು ಪ್ರತಿಯನ್ನು ಜಿಲ್ಲಾಧಿಕಾರಿ ಕಚೇರಿಯಲ್ಲಿ ಇನ್‌ವರ್ಡ್ ಮಾಡಿಸಿ.

ಅವರ ಆಸ್ತಿ ವಿವರ ಎಲ್ಲಿ ಸಿಗುತ್ತದೆ?

ನಾಮಪತ್ರದ ಜೊತೆ ಕೊಟ್ಟ ಫಾರಂ 26ರ ಪ್ರಮಾಣಪತ್ರ ಚುನಾವಣಾ ಆಯೋಗದ ಜಾಲತಾಣದಲ್ಲಿದೆ. ಅದು ಚುನಾವಣೆ ದಿನದ ಲೆಕ್ಕ. ಗೆದ್ದ ಮೇಲೆ ಪ್ರತಿ ವರ್ಷ ಜೂನ್ 30ರೊಳಗೆ ಲೋಕಾಯುಕ್ತಕ್ಕೆ ಆಸ್ತಿ ವಿವರ ಸಲ್ಲಿಸಬೇಕು. ಸಲ್ಲಿಸದವರ ಹೆಸರು ಆಗಾಗ ಪತ್ರಿಕೆಯಲ್ಲಿ ಬರುತ್ತದೆ, ಜುಲೈ ಕಳೆದ ಮೇಲೆ ಒಮ್ಮೆ ಕಣ್ಣಾಡಿಸಿ.